ನೀಲಿ ‘ಇ’, ಕೆಂಪು ನರಿ ಮತ್ತು ಅಗಸರ ಕಲ್ಲು

ಮೊನ್ನೆ ಪಂಚಮಿಯ ರಜೆಯಲ್ಲಿ ಮಹಾಂತೇಶ ನಮ್ಮ ಮನೆಗೆ ಬಂದಿದ್ದ. ಮೂಡಲಗಿಯ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುವ ಮಾಸ್ತರ, ಅವನು ಕಂಪ್ಯೂಟರ್ ಕಲಿಸುವ ಮಾಸ್ತರ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವನು. ನನ್ನ ಕಂಪ್ಯೂಟರ್ ಇತ್ತೀಚೆಗೆ ತೂಕಡಿಸುತ್ತಿದೆ ಎಂದು ಹೇಳಿದ್ದಕ್ಕೆ, ಕಲ್ಲೋಳಿಯಿಂದ ಗೋಕಾಕಿನವರೆಗೆ ಮಳೆಯಲ್ಲಿ ನೆನೆಯುತ್ತ ಮೋಟರ್‌ಸೈಕಲ್ ಮೇಲೆ ಬಂದಿದ್ದ. ಪಂಚಮಿಯ ಉಂಡಿ ಬಾಯಿಗೆ ಹಾಕಿಕೊಂಡು, ಪರದೆಯ ಮೂಲೆಯಲ್ಲಿ ಅಕ್ಕಪಕ್ಕ ಕುಳಿತಿದ್ದ ನನ್ನ ಎರಡು ಚಿತ್ರಗಳನ್ನು ನೋಡಿದ. ಒಂದು ನೀಲಿ ಬಣ್ಣದ ‘ಇ’ ಅಕ್ಷರ, ಇನ್ನೊಂದು ಭೂಗೋಳವನ್ನು ಅಪ್ಪಿಕೊಂಡು ಮಲಗಿದ ಕೆಂಪು ನರಿ.

“ಸರ್, ಇವೆರಡೂ ಹಳೇವಾದ್ವು, ತಗದ ಬಿಡ್ತೇನ್ರಿ. ಈಗ ಹೊಸಾದು ಬಂದೈತಿ, ಬಣ್ಣದ ಚೆಂಡಿನಂಗ ಇರ್ತೈತಲ್ರಿ, ಅದನ್ನ ಹಾಕ್ತೇನಿ. ಹಾಂ ಅನ್ನೂದ್ರಾಗ ಪೇಜ್ ಬಂದ ಬಿಟ್ಟಿರ್ತೈತಿ,” ಎಂದ.

ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ಹಿಡಿದದ್ದು ಸ್ವಲ್ಪ ಜೋರೇ ಆಗಿರಬೇಕು, ಅವನ ಕೈಯಲ್ಲಿದ್ದ ಅರ್ಧ ಉಂಡಿ ಕೀಬೋರ್ಡಿನ ಮೇಲೆ ಉದುರಿತು. ಅವನು ನನ್ನ ಮುಖ ನೋಡಿದ. ‘ಹಾಂ ಅನ್ನೂದ್ರಾಗ ಬಂದ ಬಿಡ್ತೈತಿ’ ಎಂಬ ಮಾತು ಕೇಳಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ ಎಂಬುದನ್ನು ಅವನಿಗೆ ಹೇಗೆ ಹೇಳುವುದು? ಅವನಿಗೆ ಹೇಳಲಾಗದೆ ಉಳಿದದ್ದನ್ನು ನಿಮಗೆ ಹೇಳುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಅಂಜುಬುರುಕ. ಇದರಲ್ಲಿ ನನಗೆ ಸಂಕೋಚವಿಲ್ಲ. ಕೆಲವರಿಗೆ ಹುಟ್ಟಿನಿಂದ ಗುಂಗುರು ಕೂದಲು ಇರುವ ಹಾಗೆ ನನಗೆ ಅಂಜಿಕೆ ಇದೆ. ಕುಕ್ಕರ್ ಸೀಟಿ ಹಾಕುವ ಮೊದಲು ಒಂದು ಕ್ಷಣ ಸುಮ್ಮನಾಗುತ್ತದಲ್ಲ, ಆಗ ನಾನು ಅಡುಗೆಮನೆಯಲ್ಲಿ ಇರುವುದಿಲ್ಲ. ಒದ್ದೆ ಕೈಯಿಂದ ಸ್ವಿಚ್ ಮುಟ್ಟುವವರನ್ನು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತೇನೆ. ಸಣ್ಣವನಿದ್ದಾಗ ಗೋಕಾಕ ಫಾಲ್ಸಿನ ತೂಗುಸೇತುವೆಯನ್ನು ನಾನು ದಾಟಿದ್ದು ಆಯಿಯ ಸೆರಗನ್ನು ಮುಖದ ಮೇಲೆ ಹೊದ್ದುಕೊಂಡು. ಕೆಳಗೆ ಘಟಪ್ರಭೆ ಬೀಳುವ ಸದ್ದು ಹೊಟ್ಟೆಯೊಳಗೆ ಕೇಳಿಸುತ್ತಿತ್ತು. ಬೇರೆ ಊರಿನ ಜನ ಖರ್ಚು ಮಾಡಿಕೊಂಡು ಬಂದು ನೋಡಿ ಹೋಗುವ ಜಲಪಾತ, ನಾನು ಮೀಸೆ ಬರುವವರೆಗೂ ಸರಿಯಾಗಿ ನೋಡಿರಲಿಲ್ಲ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ನಮ್ಮ ಜೈನರ ಮನೆಗಳಲ್ಲಿ ಹಾಗೆ ಕರೆಯುತ್ತೇವೆ. ಅವಳಿಗೆ ಹಾವು, ಕಳ್ಳರು, ಕತ್ತಲೆ ಇವು ಯಾವುವೂ ಲೆಕ್ಕಕ್ಕಿರಲಿಲ್ಲ. ಅವಳು ಅಂಜುತ್ತಿದ್ದುದು ಹೊಳೆಗೆ ಮಾತ್ರ. ನಮ್ಮ ಓಣಿ ಹೊಳೆಯ ಕಡೆಗೆ ಇಳಿದು ಹೋಗುವ ಓಣಿ. ಮಳೆಗಾಲದಲ್ಲಿ ಮೇಲೆ ಹುಕ್ಕೇರಿ ಸೀಮೆಯಲ್ಲಿ ಹಿಡಕಲ್ ಡ್ಯಾಮ್ ತುಂಬಿ ನೀರು ಬಿಟ್ಟರೆ ಇಳಿಜಾರಿನ ಕೊನೆಯ ಮನೆಗಳಿಗೆ ನೀರು ಬರುತ್ತದೆ. ಇನ್ನೂ ಹೆಚ್ಚು ಬಿಟ್ಟರೆ ನಮ್ಮ ಬಾಗಿಲಿಗೂ ಬರುತ್ತದೆ. ಹೊಳೆಯ ದಂಡೆಯಲ್ಲಿ ಅಗಸರು ಬಟ್ಟೆ ಒಗೆಯುವ ಒಂದು ದೊಡ್ಡ ಕಲ್ಲಿದೆ. ಆ ಕಲ್ಲು ಕಾಣುತ್ತಿದ್ದರೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಕಲ್ಲು ಮುಳುಗಿದರೆ ಜೋಳದ ಚೀಲಗಳು ಅಟ್ಟಕ್ಕೆ.

ಕಲ್ಲು ನೋಡಿ ಬರುವ ಕೆಲಸ ನನಗೂ ನನ್ನ ತಂಗಿ ಪದ್ದಿಗೂ ಇತ್ತು. ಮಳೆ ಹಿಡಿದ ದಿನ ಬೆಳಿಗ್ಗೆ ಆಯಿ ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕಳಿಸುತ್ತಿದ್ದಳು, ನನ್ನನ್ನು ಗುಡಿಯ ಸಂದಿಯಿಂದ, ಪದ್ದಿಯನ್ನು ಕುಂಬಾರರ ಮನೆಯ ಬಾಜೂದಿಂದ. ಜೊತೆಯಾಗಿ ಹೋಗುವಂತಿಲ್ಲ, ಮರಳಿ ಬರುವಾಗ ಮಾತಾಡಿಕೊಳ್ಳುವಂತಿಲ್ಲ. ನೀರಿನ ವಿಷಯದಲ್ಲಿ ಒಬ್ಬರ ಮಾತು ನಂಬಬಾರದು ಎಂಬುದು ಅವಳ ಕಾಯ್ದೆ. ನಾನು ಗುಡಿಯ ಮೂಲೆಯವರೆಗೆ ಹೋಗಿ, ಅಲ್ಲಿಂದಲೇ ಹೊಳೆಯ ಗದ್ದಲ ಕೇಳಿ, ಒಂದೇ ಉಸಿರಿಗೆ ಓಡಿ ಬಂದು “ಕಾಣತೈತಿ ಆಯಿ” ಎನ್ನುತ್ತಿದ್ದೆ. ನಿನ್ನೆ ಕಂಡಿತ್ತಲ್ಲ, ಇವತ್ತೂ ಕಾಣುತ್ತಿರಬೇಕು ಎಂಬುದು ನನ್ನ ಧೈರ್ಯ. ಪದ್ದಿ ಬಹಳ ಹೊತ್ತಿನ ಮೇಲೆ ಏದುಸಿರು ಬಿಡುತ್ತ ಬರುತ್ತಿದ್ದಳು. ಆಯಿ ನಮ್ಮ ಮುಖ ನೋಡುತ್ತಿರಲಿಲ್ಲ. ಹೊಲಿಯುತ್ತಿದ್ದ ಕೌದಿಯನ್ನು ಬದಿಗಿಟ್ಟು, ಬಗ್ಗಿ ನಮ್ಮ ಕಾಲು ನೋಡುತ್ತಿದ್ದಳು. ಪದ್ದಿಯ ಕಾಲಿಗೆ ಹೊಳೆಯ ಕರಿ ಮಣ್ಣು ಮೀನಖಂಡದವರೆಗೆ ಹತ್ತಿರುತ್ತಿತ್ತು. ನನ್ನ ಕಾಲಿಗೆ ನಮ್ಮ ಓಣಿಯ ಕೆಂಪು ಮಣ್ಣು ಬಿಟ್ಟರೆ ಇನ್ನೇನೂ ಇರುತ್ತಿರಲಿಲ್ಲ. ಆಯಿ ಬೈಯುತ್ತಿರಲಿಲ್ಲ. “ಹೋಗು, ಕಾಲು ತೊಳಕೊಂಡು ಚಾ ಕುಡಿ” ಎಂದು ನನಗೆ ಹೇಳಿ, ಪದ್ದಿಯನ್ನು ಹತ್ತಿರ ಕೂರಿಸಿಕೊಂಡು ಹೊಳೆಯ ಸುದ್ದಿ ಕೇಳುತ್ತಿದ್ದಳು.

ಇಂಥ ನಾನು ಕಂಪ್ಯೂಟರ್ ಮುಟ್ಟಬೇಕಾಗಿ ಬಂತು. ಶಿಕ್ಷಕರಿಗೆಲ್ಲ ತರಬೇತಿ ಎಂದು ನಮ್ಮನ್ನು ಹುಕ್ಕೇರಿಗೆ ಕರೆಸಿದ್ದರು. ನನಗಿಂತ ಹಿರಿಯರಾದ, ನಲವತ್ತು ದಾಟಿದ ಮಾಸ್ತರರು, ಬಾಯಕ್ಕೋರು, ನಾನು ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಬಂದವರ ಹಾಗೆ ಗೋಡೆಗೆ ಒತ್ತಿಕೊಂಡು ನಿಂತಿದ್ದೆವು. ಮೌಸ್ ಮುಟ್ಟಿದಾಗ ನನ್ನ ಅಂಗೈ ಎಷ್ಟು ಬೆವರಿತೆಂದರೆ ಅದು ನಿಜವಾದ ಇಲಿಯ ಹಾಗೆ ಜಾರಿ ಓಡಿತು. ತರಬೇತಿ ಕೊಡುವ ಹುಡುಗಿ ಒಳ್ಳೆಯವಳು. ಇಂಟರ್ನೆಟ್ ಎಂಬುದು ಬಹಳ ದೂರದ ಊರು ಎಂದುಕೊಳ್ಳಿ, ನಾವು ಅಲ್ಲಿಗೆ ಹೋಗಲಾರೆವು, ನಮ್ಮ ಪರವಾಗಿ ಹೋಗಿ ಪುಟ ತಂದು ತೋರಿಸುವ ಆಳಿಗೆ ಬ್ರೌಸರ್ ಎನ್ನುತ್ತಾರೆ, ಈ ನೀಲಿ ‘ಇ’ ಅಂಥ ಒಬ್ಬ ಆಳು ಎಂದು ಬಿಡಿಸಿ ಹೇಳಿದಳು. ಕೊನೆಗೆ, ಗೊತ್ತಿಲ್ಲದ ಚಿತ್ರದ ಮೇಲೆ ಯಾವತ್ತೂ ಒತ್ತಬೇಡಿ, ವೈರಸ್ ಬರುತ್ತದೆ ಎಂದೂ ಹೇಳಿದಳು. ಮೊದಲಿನದು ಮರೆತರೂ ಕೊನೆಯ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಹಾಗಾಗಿ ಗೋಕಾಕಿನ ಬಸ್‌ಸ್ಟ್ಯಾಂಡ್ ಬಾಜೂದ ರಾಜೂನ ಸೈಬರ್ ಸೆಂಟರಿನಲ್ಲಿ ಮೊದಲ ಸಲ ಕೆಂಪು ನರಿಯನ್ನು ಕಂಡಾಗ ನಾನು ಕುರ್ಚಿ ಹಿಂದೆ ಸರಿಸಿದ್ದೆ. ರಾಜೂ ನಕ್ಕ. “ಅಂಜಬ್ಯಾಡ್ರಿ ಸರ್, ಇದೂ ಬ್ರೌಸರನ. ಹೊಸಾ ನಮೂನಿ. ಮುಂಜಾನಿ ಎದ್ದ ನರಿ ಮಾರಿ ನೋಡಿದ್ರ ಚಲೋ ಅಕ್ಕೈತಿ ಅಂತಾರಲ್ರಿ, ನಮ್ಮ ಗಿರಾಕಿಗೆ ದಿನಾ ನರಿ ಮಾರಿ ನೋಡೂ ಭಾಗ್ಯ,” ಎಂದ. ನಮ್ಮ ಕಡೆ ಅಂದುಕೊಂಡ ಕೆಲಸ ಆದವನಿಗೆ ‘ಇವತ್ತ ನರಿ ಮಾರಿ ನೋಡಿ ಎದ್ದೀಯೇನ’ ಎಂದು ಕೇಳುತ್ತಾರೆ. ಹೊಲದಲ್ಲಿ ನರಿ ಕಾಣುವುದು ಅಪರೂಪವಾಗಿ, ಈಗ ರಾಜೂನ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಆದರೂ ನಾನು ಒತ್ತಲಿಲ್ಲ.

ಶಾಲೆಯ ಸ್ಟಾಫ್ ರೂಮಿನಲ್ಲಿ ಆ ಕಾಲಕ್ಕೆ ಇದೇ ಚರ್ಚೆ. ವಿಜ್ಞಾನದ ಮಾಸ್ತರರು ನರಿಯ ಪಕ್ಷ. ಒಂದೇ ಕಿಟಕಿಯಲ್ಲಿ ನಾಲ್ಕಾರು ಪುಟ ತೆರೆಯುತ್ತದೆ, ಬೇಡದ ಜಾಹೀರಾತು ತಡೆಯುತ್ತದೆ ಎಂದು ಮೇಜು ಗುದ್ದಿ ಹೇಳುತ್ತಿದ್ದರು. ಡ್ರಾಯಿಂಗ್ ಮಾಸ್ತರರು ‘ಇ’ಯ ಪಕ್ಷ. ಕಂಪ್ಯೂಟರಿನ ಜೊತೆಗೇ ಬಂದದ್ದು, ಮನೆಯ ಮಗ ಇದ್ದ ಹಾಗೆ, ಹೊರಗಿನಿಂದ ತಂದದ್ದರ ಮೇಲೆ ವಿಶ್ವಾಸ ಹೇಗೆ ಇಡುವುದು ಎಂದು ಅವರ ವಾದ. ಎರಡು ಜೋಡಿ ಎತ್ತಿನ ಬಗ್ಗೆ ಮಾತಾಡುವವರಂತೆ ಇಬ್ಬರೂ ಚಹಾ ಆರಿಸಿಕೊಳ್ಳುತ್ತಿದ್ದರು. ನನ್ನ ಮತ ಕೇಳಿದರೆ ನಾನು ‘ಇ’ ಎನ್ನುತ್ತಿದ್ದೆ. ಕಾರಣ ಒಂದೇ, ಅದು ಬೇಗ ಬರುತ್ತಿತ್ತು. ರಾಜೂನ ಸೆಂಟರಿನ ಸಂಪರ್ಕವೋ ಕುಂಟುತ್ತ ಬರುವಂಥದ್ದು. ಆದರೆ ನಾನು ದಿನವೂ ನೋಡುವ ಒಂದು ಪುಟವನ್ನು ‘ಇ’ ಒತ್ತಿದ ಕೂಡಲೇ ತಂದು ಮುಂದೆ ಇಡುತ್ತಿತ್ತು. ಕಾಯುವಾಗ ನನಗೆ ಅಂಜಿಕೆ ಹೆಚ್ಚಾಗುತ್ತದೆ, ಆದ್ದರಿಂದ ಕಾಯಿಸದವನೇ ನನ್ನ ಪಾಲಿಗೆ ಒಳ್ಳೆಯವನು. ‘ಇ’ಯ ಮೇಲೆ ನನಗೆ ಒಮ್ಮೆ ಮಾತ್ರ ಸಿಟ್ಟು ಬಂದಿತ್ತು. ಅದರಲ್ಲಿ ಏನೋ ಓದುತ್ತಿದ್ದಾಗ ತಾನಾಗಿ ಒಂದು ಚೌಕ ಪುಟಿದು, ನಿಮಗೆ ಬಹುಮಾನ ಬಂದಿದೆ ಎಂದು ಮಿಣಮಿಣ ಮಿನುಗಿತು. ನಾನು ಯಾವ ಬಹುಮಾನಕ್ಕೂ ಅರ್ಜಿ ಹಾಕಿದವನಲ್ಲ. ಪೊಲೀಸರು ಬರುತ್ತಾರೆ ಎಂದು ಹೆದರಿ ವೈರನ್ನೇ ಕಿತ್ತೆ. ಇಡೀ ಸೆಂಟರ್ ಕತ್ತಲಾಯಿತು.

ನಾನು ದಿನವೂ ನೋಡುತ್ತಿದ್ದ ಪುಟ ಯಾವುದೆಂದರೆ, ಜಲಾಶಯಗಳ ನೀರಿನ ಮಟ್ಟ ತೋರಿಸುವ ಒಂದು ಪುಟ. ವಿಜ್ಞಾನದ ಮಾಸ್ತರರು ಹುಡುಕಿ ಕೊಟ್ಟದ್ದು. ಮೇಲೆ ‘ಇಂದಿನ ಮಟ್ಟ’ ಎಂಬ ತಲೆಬರಹ, ಕೆಳಗೆ ಡ್ಯಾಮುಗಳ ಹೆಸರು, ಮುಂದೆ ಒಳಹರಿವು, ಹೊರಹರಿವು. ತಾರೀಖು ಎಲ್ಲೂ ಇರಲಿಲ್ಲ. ಇದ್ದರೂ ನನ್ನ ಕಣ್ಣು ಹಿಡಕಲ್ ಸಾಲು ಬಿಟ್ಟು ಬೇರೆ ಕಡೆ ಹೋಗುತ್ತಿರಲಿಲ್ಲ. ಗೋಕಾಕಿನ ಹೊಳೆದಂಡೆಯ ಒಬ್ಬ ಅಂಜುಬುರುಕನಿಗೆ, ಹೊಳೆಯ ಹತ್ತಿರ ಹೋಗದೆ, ಫ್ಯಾನಿನ ಕೆಳಗೆ ಕುಳಿತು ಹೊಳೆ ನೋಡುವ ಅವಕಾಶ. ಕಂಪ್ಯೂಟರ್ ಕಂಡುಹಿಡಿದದ್ದೇ ನನ್ನ ಸಲುವಾಗಿ ಎಂದುಕೊಂಡಿದ್ದೆ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಅದೇ ಹೊತ್ತಿಗೆ ಪದ್ದಿ ನಮ್ಮ ಮನೆಯಲ್ಲಿ ಬಾಣಂತಿ. ಅವಳನ್ನು ಸಂಕೇಶ್ವರಕ್ಕೆ ಕೊಟ್ಟಿದ್ದೆವು, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತ್ತು. ಇನ್ನೂ ಹೆಸರಿಟ್ಟಿರಲಿಲ್ಲ, ತೊಟ್ಟಿಲಿಗೆ ಹಾಕಿರಲಿಲ್ಲ. ಒಳಗಿನ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡದ ಶೆಗಡಿ, ಕಿಟಕಿಗೆ ಗೋಣಿತಾಟು, ಲೋಬಾನದ ಹೊಗೆ. ಆ ಕೋಣೆಯ ಬಾಗಿಲು ಅರ್ಧ ತೆರೆದಿಟ್ಟರೂ ಅವ್ವ ಬೈಯುತ್ತಿದ್ದಳು. ಅವ್ವನ ಅಂಜಿಕೆಗೆ ಕಾರಣವಿತ್ತು. ನನಗಿಂತ ಮೊದಲು ಅವಳಿಗೆ ಒಂದು ಗಂಡು ಕೂಸು ಹುಟ್ಟಿ, ಇಂಥದೇ ಮಳೆಗಾಲದಲ್ಲಿ ಥಂಡಿ ಹತ್ತಿ ಹೆಸರಿಡುವ ಮೊದಲೇ ತೀರಿಕೊಂಡಿತ್ತು. ಆ ಕೂಸಿನ ಮಾತನ್ನು ಅವಳು ಎಂದೂ ಆಡುತ್ತಿರಲಿಲ್ಲ. ಆದರೆ ಮಳೆಗಾಲ ಬಂತೆಂದರೆ ಅವಳ ಕೈ ತಾನಾಗಿ ಎಲ್ಲರ ಕಿವಿಗೆ ಹತ್ತಿ ತುರುಕುತ್ತಿತ್ತು. ಅಪ್ಪ ತೀರಿಹೋಗಿದ್ದ. ಪದ್ದಿಯ ಗಂಡ ಸಂಕೇಶ್ವರದಲ್ಲಿ, ನಡುವಿನ ರಸ್ತೆಯಲ್ಲಿ ಸೇತುವೆಯ ಮೇಲೆ ನೀರು. ಮನೆಯಲ್ಲಿ ಗಂಡಸು ಎಂದರೆ ನಾನು, ಅಂದರೆ ಯಾರೂ ಇಲ್ಲದ ಹಾಗೆ.

ಓಣಿಯಲ್ಲಿ ತಲೆಗೊಂದು ಸುದ್ದಿ. ಗೇಟು ಎತ್ತಿದ್ದಾರೆ ಎಂದು ಒಬ್ಬ, ಎತ್ತಿಲ್ಲ ಎಂದು ಇನ್ನೊಬ್ಬ, ತನ್ನ ಅಳಿಯನೇ ಡ್ಯಾಮಿನ ಮೇಲೆ ನಿಂತಿದ್ದಾನೆ ಎಂದು ಮತ್ತೊಬ್ಬ. ನದಿ ದಂಡೆಯವರು ಎಚ್ಚರದಿಂದ ಇರಬೇಕು ಎಂದು ಮೈಕಿನ ಜೀಪು ಬಂದು ಹೋಗಿತ್ತು. ಪ್ರತಿ ಮಳೆಗಾಲದಲ್ಲೂ ಕೇಳಿ ಕೇಳಿ ನಮಗೆ ಅದು ಮಳೆಯ ಸದ್ದಿನ ಜೊತೆ ಸೇರಿಹೋಗಿತ್ತು. ಅಗಸರ ಕಲ್ಲು ಆಗಲೇ ಮುಳುಗಿತ್ತು. ಆದರೆ ಕಲ್ಲು ಮುಳುಗಿದ ಮೇಲೆ ನೀರು ಎಲ್ಲಿಗೆ ಬರುತ್ತದೆ ಎಂಬುದನ್ನು ಕಲ್ಲು ಹೇಳುವುದಿಲ್ಲ. ಅದನ್ನು ಹೇಳಬೇಕಾದವನು ನಾನು. ಬೆಳಿಗ್ಗೆ ರಾಜೂನ ಸೆಂಟರಿಗೆ ಹೋದೆ.

‘ಇ’ ಒತ್ತಿದೆ. ಕೂಡಲೇ ಬಂತು. ಹಿಡಕಲ್ ಸಾಲಿನಲ್ಲಿ ನಿನ್ನೆಯ ಅಂಕಿಯೇ ಇತ್ತು. ನೀರು ಏರಿಲ್ಲ, ಹೊರಗೆ ಬಿಟ್ಟದ್ದೂ ನಿನ್ನೆಯಷ್ಟೇ. ನನ್ನ ಮೈಯೆಲ್ಲ ಹಗುರಾಯಿತು. ಪದ್ದಿ ಇದ್ದಲ್ಲೇ ಇರಬಹುದು, ಅವ್ವ ನಿಶ್ಚಿಂತೆಯಿಂದ ಇರಬಹುದು. ಏಳಬೇಕು ಎನ್ನುವಷ್ಟರಲ್ಲಿ ರಾಜೂ ಹಿಂದೆ ಬಂದು ನಿಂತ.

“ಸರ್, ಇವತ್ತರ ನರಿ ಮಾರಿ ನೋಡಿ ಹೋಗ್ರಿ. ಮನ್ಯಾಗ ಕೂಸು ಹುಟ್ಟೈತಿ, ಚಲೋ ಅಕ್ಕೈತಿ.”

ಬೇಡ ಎನ್ನಲು ಅಂಜಿಕೆಯಾಯಿತು. ಕೂಸಿನ ಹೆಸರು ತೆಗೆದಿದ್ದನಲ್ಲ, ಬೇಡ ಎಂದರೆ ಅಪಶಕುನವಾದೀತು. ನರಿಯ ಮೇಲೆ ಒತ್ತಿ ಅದೇ ಪುಟ ಕೇಳಿದೆ. ಅದು ಬರಲಿಲ್ಲ. ಮೂಲೆಯಲ್ಲಿ ಒಂದು ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಹೊರಗೆ ಮಳೆ ತಗಡಿನ ಮೇಲೆ ಹೊಯ್ಯುತ್ತಿತ್ತು. ಇದಕ್ಕೇ ನಾನು ‘ಇ’ ಎನ್ನುವುದು ಎಂದು ಮನಸ್ಸಿನಲ್ಲೇ ವಿಜ್ಞಾನದ ಮಾಸ್ತರರಿಗೆ ಹೇಳಿಕೊಂಡೆ. ಬಹಳ ಹೊತ್ತಿನ ಮೇಲೆ ತಲೆಬರಹ ಬಂತು, ಆಮೇಲೆ ಒಂದೊಂದೇ ಸಾಲು. ಹಿಡಕಲ್ ಸಾಲು ಬಂದಾಗ ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಡ್ಯಾಮ್ ತುಂಬಿತ್ತು. ಹೊರಗೆ ಬಿಡುತ್ತಿದ್ದ ನೀರು ‘ಇ’ ತೋರಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಮತ್ತೆ ‘ಇ’ಗೆ ಹೋದೆ, ಅಲ್ಲಿ ಹಾಯಾಗಿ ನಿನ್ನೆಯ ಅಂಕಿ. ನರಿಯಲ್ಲಿ ನಮ್ಮ ಮನೆ ಮುಳುಗುವ ಅಂಕಿ. ಎರಡರ ಮೇಲೂ ‘ಇಂದಿನ ಮಟ್ಟ’ ಎಂದೇ ಬರೆದಿತ್ತು.

“ರಾಜೂ, ಇದ್ರಾಗ ಖರೇದು ಯಾವುದೋ?”

ಅವನೂ ಬಗ್ಗಿ ನೋಡಿದ. “ಎರಡೂ ಒಂದ ಕಡೆ ಹೋಗಿ ಬರ್ತಾವ್ರಿ ಸರ್. ಬ್ಯಾರೆ ಬ್ಯಾರೆ ಯಾಕ ಹೇಳಾಕತ್ತಾವ ನನಗೂ ತಿಳೀವಲ್ತು,” ಎಂದು ತಲೆ ಕೆರೆದುಕೊಂಡ. ಇನ್ನೊಮ್ಮೆ ಒತ್ತಿ ನೋಡೋಣ ಎಂದು ಕೈ ಚಾಚಿದ. ಅಷ್ಟರಲ್ಲಿ ಕರೆಂಟು ಹೋಯಿತು. ಕಪ್ಪು ಪರದೆಯಲ್ಲಿ ನಮ್ಮಿಬ್ಬರ ಮುಖ ಉಳಿಯಿತು.

ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆದದ್ದು ನನಗೆ ಈಗಲೂ ಕಾಲಲ್ಲಿ ನೆನಪಿದೆ. ‘ಇ’ ಹೇಳಿದ್ದು ನಿಜವಾಗಿದ್ದು, ನಾನು ನರಿಯ ಮಾತು ಕೇಳಿ ಹಸಿಬಾಣಂತಿಯನ್ನು ಮಳೆಗೆ ಹೊರಡಿಸಿ, ಕೂಸಿಗೆ ಥಂಡಿ ಹತ್ತಿದರೆ? ನರಿ ಹೇಳಿದ್ದು ನಿಜವಾಗಿದ್ದು, ಕತ್ತಲಲ್ಲಿ ನೀರು ಒಳಕೋಣೆಗೆ ಬಂದರೆ? ಎರಡರಲ್ಲೂ ಕೂಸು ಇತ್ತು. ನಾನು ದಾರಿಯುದ್ದಕ್ಕೂ ‘ಇ’ಯೇ ನಿಜವಿರಲಿ ಎಂದು ಬೇಡಿಕೊಂಡೆ. ಮನೆ ಮುಟ್ಟುವಷ್ಟರಲ್ಲಿ ಹಾಗೇ ನಂಬಿಯೂ ಬಿಟ್ಟಿದ್ದೆ.

ಆಯಿ ಬಾಣಂತಿ ಕೋಣೆಯ ಬಾಗಿಲಲ್ಲಿ ಕೂಸಿಗಾಗಿ ಕೌದಿ ಹೊಲಿಯುತ್ತ ಕುಳಿತಿದ್ದಳು. ಅವ್ವ ಶೆಗಡಿಗೆ ಕೆಂಡ ಹಾಕುತ್ತಿದ್ದಳು.

“ಏನಂತು ನಿನ್ನ ಡಬ್ಬಿ?” ಎಂದು ಆಯಿ ಕೇಳಿದಳು.

“ನಿನ್ನೆಷ್ಟ ಐತಿ ಆಯಿ. ಏರಿಲ್ಲ,” ಎಂದೆ. ನನ್ನ ಧ್ವನಿ ನನಗೇ ತೆಳ್ಳಗೆ ಕೇಳಿಸಿತು. ಆಯಿ ಸೂಜಿ ನಿಲ್ಲಿಸಿ ನನ್ನ ಕಾಲು ನೋಡಿದಳು. ನನಗೆ ನಿಲ್ಲಲಾಗಲಿಲ್ಲ. “ಇನ್ನೊಂದು ನೋಡಿದ್ನಿ, ಅದು ಬ್ಯಾರೆ ಹೇಳಿತು. ಬಾಳ ನೀರು ಬಿಟ್ಟಾರ ಅಂತು,” ಎಂದುಬಿಟ್ಟೆ. ‘ಇ’ ಮತ್ತು ನರಿ ಇಬ್ಬರೂ ಹೋಗಿ ಸುದ್ದಿ ತರುವ ಆಳುಗಳು ಎಂದು, ಹುಕ್ಕೇರಿಯ ಹುಡುಗಿ ಹೇಳಿದ ಹಾಗೆ ವಿವರಿಸಿದೆ.

ಅವ್ವ ಕೋಣೆಯಿಂದ ಹೊರಗೆ ಬಂದಳು. “ಅತ್ತೀ, ಬ್ಯಾಡ್ರಿ. ಹಸಿಬಾಣಂತಿನ ಈ ಮಳ್ಯಾಗ ಎಲ್ಲಿ ಒಯ್ಯೂದು? ಅದೇನ ಹುಡುಗರ ಆಟಿಗಿ. ಒಂದ ಹಂಗ ಅಂತೈತಿ, ಒಂದ ಹಿಂಗ ಅಂತೈತಿ. ಕೂಸಿಗೆ ಹೆಚ್ಚುಕಮ್ಮಿ ಆದ್ರ ನಾ ಇನ್ನೊಮ್ಮೆ ತಾಳಲಾರೆ.”

ಆಯಿ ಕೌದಿಯನ್ನು ತೊಡೆಯಿಂದ ಇಳಿಸಿದಳು.

“ಇಬ್ಬರನ್ನೂ ಒಮ್ಮೆಗೇ ಕಳಿಸಿದ್ಯಾ?”

“ಒಂದರ ಹಿಂದ ಒಂದು.”

“ಯಾವುದು ಲಗೂನ ಹೊಳ್ಳಿ ಬಂತು?”

“ನೀಲಿದು, ಆಯಿ. ಒತ್ತೂದಕ್ಕ ಬಂತು. ನರಿ ಬಾಳ ಹೊತ್ತು ತಗೊಂತು. ಒಂದೊಂದ ಸಾಲು, ತೇಕಿಕೋತ ಬಂತು.”

ಇಷ್ಟು ಹೇಳುವಾಗಲೂ ನಾನು ‘ಇ’ಯ ಪರವಾಗಿ ಸಾಕ್ಷಿ ಹೇಳುತ್ತಿದ್ದೇನೆ ಎಂದೇ ತಿಳಿದಿದ್ದೆ. ಒಳಗಿನಿಂದ ಪದ್ದಿಯ ಧ್ವನಿ ಬಂತು. ಹೊಗೆಯಿಂದ ಕಟ್ಟಿದ ಧ್ವನಿ, ಆದರೂ ಅದರಲ್ಲಿ ನಗೆಯಿತ್ತು.

“ಅಣ್ಣಾ, ಆ ನೀಲಿದು ನಿನ್ನಂಗ ಗುಡಿ ಮೂಲಿಯಿಂದನ ಹೊಳ್ಳಿ ಬಂದಿರಬೇಕು ನೋಡು.”

ಆಯಿ ಎದ್ದು ನಿಂತಳು. “ಈ ಮಳ್ಯಾಗ ಹಿಡಕಲ್‌ಗೆ ಹೋಗಿ ಬರೂದಂದ್ರ ಹೊತ್ತ ಹಿಡೀತೈತಿ. ಹೊತ್ತ ಹಿಡದದ್ದ ಹೋಗಿ ಬಂದೈತಿ. ಟೆಂಪೋ ತಗೊಂಬಾ ಹೋಗು,” ಎಂದಳು.

ಅವ್ವ ಅತ್ತಳು, ಬೈದಳು, ಅಳುತ್ತ ಬೈಯುತ್ತಲೇ ಪದ್ದಿಯ ಕಿವಿಗೆ ಹತ್ತಿ ಇಟ್ಟು, ತಲೆಗೆ ರುಮಾಲು ಸುತ್ತಿ, ಎರಡು ಕಂಬಳಿ ಹೊದಿಸಿದಳು. ಮುಗಿಯದ ಕೌದಿಯಲ್ಲಿ ಸೂಜಿ ಹಾಗೇ ಇತ್ತು. ಅದನ್ನು ಕಿತ್ತು, ಕೌದಿಯಲ್ಲಿ ಕೂಸನ್ನು ಸುತ್ತಿ ಆಯಿ ಎದೆಗೊತ್ತಿಕೊಂಡಳು. ಓಣಿಯ ಜನ ಬಾಗಿಲಿಗೆ ಬಂದರು. ಆಯಿ ಎಲ್ಲರಿಗೂ ಕೇಳುವ ಹಾಗೆ, ಡ್ಯಾಮಿನಿಂದ ನೀರು ಬರುತ್ತಿದೆ, ಎದ್ದೇಳಿ ಎಂದಳು. ಹೇಳಿದವರು ಯಾರು ಎಂದು ಕೇಳಿದರೆ “ನರಿ” ಎಂದಳು. ಕೆಲವರು ನಕ್ಕರು. ಆದರೆ ಬಾಣಂತಿ ಹೊಸ್ತಿಲು ದಾಟಿದ್ದನ್ನು ಕಂಡ ಮೇಲೆ ನಗುವುದು ಬಹಳ ಹೊತ್ತು ನಡೆಯಲಿಲ್ಲ. ಒಬ್ಬೊಬ್ಬರಾಗಿ ಒಳಗೆ ಹೋಗಿ ಚೀಲ ಎತ್ತತೊಡಗಿದರು.

ಗುಡ್ಡದ ಕಡೆ ಎತ್ತರದಲ್ಲಿ ನಮ್ಮ ಸೋದರತ್ತೆಯ ಮನೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಕೂಸು ಸೀನಿತು. ಸಣ್ಣ ಸೀನು, ಗುಬ್ಬಿ ಸೀನಿದಷ್ಟು. ಅವ್ವ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಬೇರೆ ಯಾರ ಕಣ್ಣಲ್ಲೂ ಕಂಡಿಲ್ಲ, ಕಾಣುವುದೂ ಬೇಡ. ಅತ್ತೆಯ ಮನೆಯಲ್ಲಿ ಮತ್ತೆ ಶೆಗಡಿ ಹೊತ್ತಿಸಿದರು. ಮಧ್ಯಾಹ್ನ ಕಳೆಯಿತು. ಊರಲ್ಲಿ ಏನೂ ಆಗಲಿಲ್ಲ. ಕೂಸು ಮತ್ತೆ ಸೀನಿತು, ಮೂಗು ಗೊರಗೊರ ಎನ್ನತೊಡಗಿತು. ನಾನು ಅಂಗಳದಲ್ಲಿ ನಿಂತು, ಕೆಳಗೆ ನಮ್ಮ ಓಣಿಯ ಕಡೆ ನೋಡುತ್ತ, ನೀರು ಬರಲಿ ಎಂದು ಬೇಡಿಕೊಂಡೆ. ನಮ್ಮ ಮನೆ, ನೆರೆಯವರ ಮನೆ, ಎಲ್ಲವೂ ಮುಳುಗಲಿ ಎಂದು ದೇವರನ್ನು ಕೇಳಿದ ಮನುಷ್ಯ ನಾನು. ಅಂಜಿಕೆ ಮನುಷ್ಯನನ್ನು ಎಲ್ಲಿಯವರೆಗೆ ಒಯ್ಯುತ್ತದೆ ಎಂದು ಆ ಮಧ್ಯಾಹ್ನ ನನಗೆ ತಿಳಿಯಿತು.

ಸಂಜೆಯ ಹೊತ್ತಿಗೆ ನೀರು ಬಂತು. ಓಣಿಯ ಹುಡುಗರು ಓಡಿ ಬಂದು ಹೇಳಿದಾಗ ನನಗೆ ಮೊದಲು ಬಂದದ್ದು ಸಂತೋಷ. ಅದರ ಹಿಂದೆಯೇ ಬಂದ ನಾಚಿಕೆಗೆ ನಾನು ಅತ್ತೆಯ ಮನೆಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಓಣಿಯಲ್ಲಿ ಯಾರ ಜೀವಕ್ಕೂ ಅಪಾಯವಾಗಲಿಲ್ಲ, ಅದೊಂದು ಪುಣ್ಯ. ಕೂಸಿನ ನೆಗಡಿ ಎರಡು ದಿನದಲ್ಲಿ ಇಳಿಯಿತು. ಅಷ್ಟು ದಿನವೂ ಅವ್ವ ಆಯಿಯ ಜೊತೆ ಮಾತಾಡಲಿಲ್ಲ.

ನೀರು ಇಳಿದ ಮೇಲೆ ನಾನು, ಅವ್ವ, ಆಯಿ ಮನೆ ನೋಡಲು ಹೋದೆವು. ಬಾಣಂತಿ ಕೋಣೆಯ ಗೋಡೆಯ ಮೇಲೆ ಕೆಸರಿನ ಗೆರೆ ಮೂಡಿತ್ತು. ಪದ್ದಿ ಮಲಗುತ್ತಿದ್ದ ಹೊರಸು ಆ ಗೆರೆಗಿಂತ ಬಹಳ ಕೆಳಗೆ, ಮಣ್ಣಿನಲ್ಲಿ ಹೂತು ನಿಂತಿತ್ತು. ಅವ್ವ ಗೆರೆಯ ಮೇಲೆ ಅಂಗೈ ಇಟ್ಟಳು. ಅದು ಅವಳ ಎದೆಯ ಮಟ್ಟಕ್ಕೆ ಇತ್ತು. ಆಮೇಲೆ ತಿರುಗಿ, “ಅತ್ತೀ, ನಿಮ್ಮ ಕಾಲಿಗೆ ಕೆಸರ ಹತ್ತೇತಿ, ತೊಳಿತೇನಿ ಬರ್ರಿ,” ಎಂದಳು.

ಸೆಂಟರಿನಲ್ಲಿ ಕರೆಂಟು ಬಂದ ಮೇಲೆ ರಾಜೂ ಯಾರನ್ನೋ ಕೇಳಿ ತಿಳಿದುಕೊಂಡು ಗುಟ್ಟು ಹೇಳಿದ. ಒಮ್ಮೆ ತಂದ ಪುಟವನ್ನು ಬ್ರೌಸರ್ ತನ್ನ ಹತ್ತಿರ ಎತ್ತಿಟ್ಟುಕೊಳ್ಳುತ್ತದಂತೆ. ಮತ್ತೆ ಕೇಳಿದರೆ ಕೆಲವೊಮ್ಮೆ ಹೋಗುವ ಶ್ರಮವಿಲ್ಲದೆ ಅದನ್ನೇ ಕೊಡುತ್ತದಂತೆ. ಹೊಸದು ಬೇಕೆಂದರೆ ಮತ್ತೊಂದು ಗುಂಡಿ ಒತ್ತಿ, ಹೋಗಿ ಬಾ ಎಂದು ಹೇಳಬೇಕಂತೆ. ನರಿಯೂ ಹಾಗೆಯೇ. ಆ ದಿನ ಅದು ಹೋಗಿ ಬಂದದ್ದಕ್ಕೆ ಕಾರಣ, ಅದರಲ್ಲಿ ಆ ಪುಟವನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ‘ಇ’ಯಲ್ಲಿ ಹಿಂದಿನ ದಿನ ಅದೇ ಪುಟ ನೋಡಿದವನು ನಾನೇ. ನಾನು ಕಂಡು ಸಮಾಧಾನಪಟ್ಟ ನಿನ್ನೆಯನ್ನೇ ಅದು ಜೋಪಾನವಾಗಿ ಇಟ್ಟುಕೊಂಡು ನನಗೆ ಮರಳಿ ಕೊಟ್ಟಿತ್ತು. ಇದನ್ನು ಕೇಳಿದಾಗ ನನಗೆ ‘ಇ’ಯ ಮೇಲೆ ಸಿಟ್ಟು ಬರಲಿಲ್ಲ. ರಾಜೂ ಆ ಬೆಳಿಗ್ಗೆ ನರಿಯ ಮಾತು ತೆಗೆಯದೆ ಇದ್ದಿದ್ದರೆ ಎಂಬ ಯೋಚನೆ ಬಂದ ದಿನ ನಾನು ಈಗಲೂ ಊಟ ಅರ್ಧಕ್ಕೆ ಬಿಡುತ್ತೇನೆ.

ಅಂದಿನಿಂದ ಎರಡನ್ನೂ ಇಟ್ಟುಕೊಂಡಿದ್ದೇನೆ. ಬಸ್ಸಿನ ಸಮಯವಾಗಲಿ, ಪರೀಕ್ಷೆಯ ಫಲಿತಾಂಶವಾಗಲಿ, ಎರಡರಲ್ಲೂ ನೋಡುತ್ತೇನೆ, ಎರಡರಲ್ಲೂ ಹೋಗಿ ಬಾ ಎಂಬ ಗುಂಡಿ ಒತ್ತುತ್ತೇನೆ. ಸ್ಟಾಫ್ ರೂಮಿನಲ್ಲಿ ನನ್ನನ್ನು ಎರಡು ದೋಣಿಯ ಮಾಸ್ತರ ಎನ್ನುತ್ತಾರೆ. ಆಯಿ ಹೋದ ವರ್ಷ ತೀರಿಕೊಂಡಳು. ಕಾಲು ನೋಡುವವರು ಮನೆಯಲ್ಲಿ ಈಗ ಯಾರೂ ಇಲ್ಲ. ಅದಕ್ಕೇ ಈ ಗುಂಡಿಗಳನ್ನು ಇನ್ನಷ್ಟು ಒತ್ತುತ್ತೇನೆ.

ಮಹಾಂತೇಶನ ಮಣಿಕಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು. “ಯಾಕ್ರಿ ಸರ್, ಹೊಸಾದಂದ್ರ ಅಂಜಿಕೇನ್ರಿ?” ಎಂದು ಅವನು ಮೆಲ್ಲಗೆ ಕೇಳಿದ. ಹೊರಗೆ ಮಳೆ ಜೋರಾಗಿತ್ತು. ಹೌದು, ಅಂಜಿಕೆ. ಎರಡು ದಿನದಿಂದ ಬಿಟ್ಟೂಬಿಡದೆ ಹೊಯ್ಯುತ್ತಿದೆ, ಪದ್ದಿ ಮಗಳನ್ನು ಕರೆದುಕೊಂಡು ಪಂಚಮಿಗೆ ಬಂದಿದ್ದಾಳೆ, ಅದೇ ಓಣಿ, ಅದೇ ಕೋಣೆ. ಬೆಳಿಗ್ಗೆಯಿಂದ ಎರಡರಲ್ಲೂ ಹಿಡಕಲ್ ನೋಡಿ ನೋಡಿ ನನ್ನ ಕಣ್ಣು ಉರಿಯುತ್ತಿತ್ತು. ಎರಡೂ ಒಂದೇ ಮಾತು ಹೇಳಿದರೂ ಅಂಜಿಕೆ ಇಳಿದಿರಲಿಲ್ಲ.

ಆಗ ಹಿತ್ತಲ ಬಾಗಿಲು ದಡಕ್ಕನೆ ತೆರೆಯಿತು. ತ್ರಿಶಲಾ ಓಡಿ ಬಂದಳು. ಅಂದು ಆಯಿಯ ಎದೆಗೊತ್ತಿಕೊಂಡು ಸೀನಿದ ಕೂಸಿಗೆ ನಾವಿಟ್ಟ ಹೆಸರು ಅದು, ಈಗ ಬಾಲವಾಡಿಗೆ ಹೋಗುತ್ತಾಳೆ. ಅವಳ ಹಿಂದೆ ಪದ್ದಿ ಕೊಡೆ ಮಡಚುತ್ತ ನಿಂತಳು.

“ಮಾಮಾ, ಕಲ್ಲು ಕಾಣತೈತಿ,” ಎಂದಳು ತ್ರಿಶಲಾ, ತೇಕುತ್ತ.

ನಾನು ಬಗ್ಗಿ ಅವಳ ಕಾಲು ನೋಡಿದೆ. ಹೊಳೆಯ ಕರಿ ಮಣ್ಣು, ಮೀನಖಂಡದವರೆಗೆ.

ಮಹಾಂತೇಶನ ಕೈ ಬಿಟ್ಟೆ. “ನಿಂಗ ಯಾವುದ ಬೇಕೋ ಅದನ್ನ ಹಾಕಪಾ,” ಎಂದೆ.